ತಾಳ್ಮೆಗೂ ತಾಲೀಮು ಬೇಕು: ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳುವ ಮನೆಯವರಿಗೆ ಆಶುನಟನೆಯ ಪಾಠ

ಡಿಮೆನ್ಶಿಯಾ ಇರುವವರ ಮನೆಗೆ ಬಂದವರೆಲ್ಲ ಕೊಡುವ ಸಲಹೆ ಒಂದೇ: "ಸ್ವಲ್ಪ ತಾಳ್ಮೆ ಇರಲಿ." ಡಾಕ್ಟರೂ ಹೇಳುತ್ತಾರೆ, ನೆಂಟರೂ ಹೇಳುತ್ತಾರೆ, ಪಕ್ಕದ ಮನೆಯವರೂ ಹೇಳುತ್ತಾರೆ. ಬೆಳಗ್ಗೆಯಿಂದ ಒಂದೇ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಗಂಟಲು ಕಟ್ಟಿದವರು ಆ ತಾಳ್ಮೆಯನ್ನು ಎಲ್ಲಿಂದ ತರಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನಾಟಕದವರಿಗೆ ಒಂದು ವಿಷಯ ಗೊತ್ತು. ಎದುರಿನ ಪಾತ್ರಧಾರಿ ಮಾತು ಮರೆತು ಏನೋ ಒಂದು ಹೇಳಿಬಿಟ್ಟರೆ, "ಅದಲ್ಲ ಮಾತು" ಅಂತ ಸ್ಟೇಜ್ ಮೇಲೆ ತಿದ್ದುವ ಹಾಗಿಲ್ಲ. ಅವರು ಹೇಳಿದ್ದನ್ನೇ ಹಿಡಿದು ಮುಂದೆ ಹೋಗಬೇಕು. ಇದು ಹುಟ್ಟುಗುಣ ಅಲ್ಲ, ಆಡಿ ಆಡಿ ಬರುವಂಥದ್ದು. ಮರೆವಿನ ಕಾಯಿಲೆ ಇರುವವರ ಜೊತೆ ದಿನ ಕಳೆಯುವುದಕ್ಕೂ ಬೇಕಾದದ್ದು ಇದೇ. ಆದರೆ ನಾವು ಅದನ್ನು ನೇರವಾಗಿ ಅಮ್ಮನ ಎದುರೋ ಅಪ್ಪನ ಎದುರೋ ಕಲಿಯಲು ಹೋಗುತ್ತೇವೆ, ಅದೂ ಸುಸ್ತಾಗಿರುವ ಹೊತ್ತಿನಲ್ಲಿ. ಅದರ ಬದಲು ಅವರು ಮಲಗಿದಾಗ ಮನೆಯ ಉಳಿದವರು ಒಬ್ಬರ ಜೊತೆ ಒಬ್ಬರು ತಾಲೀಮು ಮಾಡಬೇಕು. ಹೇಗೆ ಅನ್ನುವುದೇ ಈ ಬರಹ. ನಾನು ಹವ್ಯಾಸಿ ನಾಟಕದವಳು, ಮನೆಯಲ್ಲಿ ಅತ್ತೆಯನ್ನು ನೋಡಿಕೊಂಡವಳು. ಎರಡೂ ಕಡೆಯಿಂದ ಕಲಿತದ್ದು ಇಲ್ಲಿದೆ.

ಇದು ಎಲ್ಲಿಂದ ಬಂತು

ಆಶುನಟನೆ, ಅಂದರೆ ಇಂಪ್ರೊವ್, ಬರೆದ ಮಾತಿಲ್ಲದೆ ಆಡುವ ನಾಟಕ. ಅಮೆರಿಕದ ಷಿಕಾಗೊದಲ್ಲಿ ವಯೋಲಾ ಸ್ಪೋಲಿನ್ ಅವರು ವಲಸೆ ಬಂದ ಕುಟುಂಬಗಳ ಮಕ್ಕಳಿಗಾಗಿ ಕಟ್ಟಿದ ಆಟಗಳು ಅದರ ಬೇರು. ಅವರ ಮಗ ಪಾಲ್ ಸಿಲ್ಸ್ ಮತ್ತು ಸ್ನೇಹಿತರು 1959ರಲ್ಲಿ ಅದೇ ಊರಲ್ಲಿ ಸೆಕೆಂಡ್ ಸಿಟಿ ಅನ್ನುವ ರಂಗತಂಡ ಶುರು ಮಾಡಿದರು. ಈ ಆಟಗಳ ಮುಖ್ಯ ಸೂತ್ರ "ಯೆಸ್, ಆ್ಯಂಡ್". ಎದುರಿನವರು ಕೊಟ್ಟದ್ದನ್ನು ಒಪ್ಪಿಕೊ, ಅದಕ್ಕೆ ನಿನ್ನದೊಂದನ್ನು ಸೇರಿಸು.

ಇದನ್ನು ಡಿಮೆನ್ಶಿಯಾ ಇರುವ ಮನೆಗಳಿಗೆ ತಂದವರಲ್ಲಿ ಕ್ಯಾರೆನ್ ಸ್ಟೋಬ್ ಮತ್ತು ಅವರ ಗಂಡ ಮಾಂಡಿ ಕಾರ್ಟರ್ ಮುಖ್ಯರು. ಇಬ್ಬರೂ ಇಂಪ್ರೊವ್ ನಟರು. ಸ್ಟೋಬ್ ಅವರ ತಂದೆಗೂ, ಆಮೇಲೆ ತಾಯಿಗೂ ಡಿಮೆನ್ಶಿಯಾದ ಸಾಮಾನ್ಯ ಬಗೆಯಾದ ಅಲ್ಝೈಮರ್ ಬಂತು. ವೇದಿಕೆಯ ನಿಯಮಗಳೇ ಮನೆಯಲ್ಲೂ ಕೆಲಸ ಮಾಡುತ್ತವೆ ಅಂತ ಕಂಡುಕೊಂಡು, ಅವರು ಬೇರೆಯವರಿಗೂ ಕಲಿಸತೊಡಗಿದರು. ಮುಂದೆ ಸೆಕೆಂಡ್ ಸಿಟಿಯೂ ಆರೈಕೆ ಮಾಡುವವರಿಗೆಂದೇ ತರಗತಿಗಳನ್ನು ರೂಪಿಸಿತು.

ಆಶುಮಾತು ನಮಗೇನೂ ಹೊಸದಲ್ಲ. ಕರಾವಳಿಯ ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಾಡುವ ಯಕ್ಷಗಾನದಲ್ಲಿ, ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಬರೆದಿಟ್ಟ ಮಾತಿಲ್ಲದೆ ಅಲ್ಲೇ ಅರ್ಥ ಹೇಳುತ್ತಾರೆ. ಎದುರಿನವರು ಏನು ಎತ್ತುತ್ತಾರೆ ಅಂತ ಮೊದಲೇ ಗೊತ್ತಿರುವುದಿಲ್ಲ. ಆದರೆ ಅಲ್ಲಿ ವಾದದಲ್ಲಿ ಎದುರಿನವರನ್ನು ಕಟ್ಟಿಹಾಕಬೇಕು, ಜನ ಅದಕ್ಕೇ ರಾತ್ರಿಯಿಡೀ ಕೂರುತ್ತಾರೆ. ನಮ್ಮ ತಾಲೀಮಿನಲ್ಲಿ ಕಲಿಯಬೇಕಾದದ್ದು ವಾದ ಬಿಟ್ಟುಕೊಡುವುದನ್ನು. ಕರಾವಳಿ ಕಡೆಯವರಿಗೆ ಇದು ಸ್ವಲ್ಪ ಜಾಸ್ತಿ ಕಷ್ಟ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ವಾದ ಯಾಕೆ ಬೇಡ ಅನ್ನುವುದಕ್ಕೆ ಕಾರಣ ಮೆದುಳಿನಲ್ಲೇ ಇದೆ. ಅಲ್ಝೈಮರ್ ಕಾಯಿಲೆ ಹೊಸ ನೆನಪು ಕಟ್ಟುವ ಭಾಗವನ್ನು ಬೇಗ ಕೆಡಿಸುತ್ತದೆ. ಭಾವನೆ ಅಷ್ಟು ಬೇಗ ಹೋಗುವುದಿಲ್ಲ. 2014ರಲ್ಲಿ ಅಯೋವಾ ವಿಶ್ವವಿದ್ಯಾಲಯದವರು ಅಲ್ಝೈಮರ್ ಇರುವವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೇ ನೋಡಿದ್ದು ಹೆಚ್ಚುಕಮ್ಮಿ ಮರೆತುಹೋಗಿತ್ತು, ಆದರೆ ಆ ದುಃಖವೋ ಸಂತೋಷವೋ ಇನ್ನೂ ಉಳಿದಿತ್ತು. ನೀವು ಹನ್ನೊಂದು ಗಂಟೆಗೆ ಗದರಿದ್ದು ಅಪ್ಪನಿಗೆ ಹನ್ನೆರಡಕ್ಕೆ ನೆನಪಿರಲಿಕ್ಕಿಲ್ಲ. ಆದರೆ ಆ ಬೇಜಾರು ಉಳಿದಿರಬಹುದು, ಊಟ ಬೇಡ ಅನ್ನುವುದಕ್ಕೆ ಕಾರಣ ಅದೇ ಆಗಿರಬಹುದು.

ಶುರು ಮಾಡುವ ಮೊದಲು

ಆಶುನಟನೆ ಚಿಕಿತ್ಸೆ ಅಲ್ಲ. ನಿನ್ನೆವರೆಗೆ ಸುಮ್ಮನಿದ್ದವರು ಇವತ್ತು ಏಕಾಏಕಿ ಕೂಗಾಡಿದರೆ, ಮಂಕಾದರೆ, ಇಲ್ಲದ್ದನ್ನು ಕಂಡರೆ, ಆಟ ಆಡುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಉರಿಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು, ಸೋಡಿಯಂ ಕಮ್ಮಿಯಾಗುವುದು, ಹೊಸದಾಗಿ ಕೊಟ್ಟ ಮಾತ್ರೆ, ಇವೆಲ್ಲ ವಯಸ್ಸಾದವರಲ್ಲಿ ಗೊಂದಲವಾಗಿಯೇ ಮೊದಲು ಕಾಣಿಸಬಹುದು. ಮರೆವು ಅಂದಕೂಡಲೇ ಡಿಮೆನ್ಶಿಯಾ ಅಂತಲೂ ಅಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಕನ್ನಡಕ ಮತ್ತು ಕಿವಿಯ ಮಷಿನ್ ಸರಿ ಇದೆಯಾ ಅಂತಲೂ ನೋಡಿ. ಮಾತೇ ಕೇಳಿಸದವರ ಜೊತೆ ಎಂಥ ಸಂಭಾಷಣೆ?

ಒಂದನೇ ಹೆಜ್ಜೆ: ಯಾವ ಹೊತ್ತು ಕಷ್ಟ ಅಂತ ಬರೆದಿಡಿ

ಒಂದು ವಾರ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಜಗಳ ಆದಾಗ, ಅಳು ಬಂದಾಗ, ನಿಮಗೇ ಕೂಗಬೇಕು ಅನ್ನಿಸಿದಾಗ ನಾಲ್ಕು ವಿಷಯ ಬರೆಯಿರಿ: ಎಷ್ಟು ಗಂಟೆ, ಅವರು ಹೇಳಿದ ಮಾತು ಇದ್ದದ್ದು ಇದ್ದ ಹಾಗೆ, ನೀವು ಹೇಳಿದ ಮಾತು, ಆಮೇಲೆ ಏನಾಯಿತು. "ಅಮ್ಮ ಹಟ ಮಾಡಿದಳು" ಅಂತ ಬರೆದರೆ ಉಪಯೋಗವಿಲ್ಲ. "ಸಂಜೆ 5.40. 'ಮನೆಗೆ ಹೋಗ್ತೀನಿ' ಅಂದಳು. 'ಇದೇ ಮನೆ' ಅಂದೆ. ಚಪ್ಪಲಿ ಹಾಕಿಕೊಂಡು ಗೇಟಿಗೆ ಹೋದಳು." ಹೀಗಿರಬೇಕು.

ವಾರದ ಕೊನೆಗೆ ನೋಡಿದರೆ ಗೊತ್ತಾಗುತ್ತದೆ, ತಿರುಗಿ ತಿರುಗಿ ಬರುವುದು ನಾಲ್ಕೈದೇ ದೃಶ್ಯ. ಮನೆಗೆ ಹೋಗಬೇಕು. ಯಾರೋ ಕದ್ದರು. ಸ್ನಾನ ಬೇಡ. ಊಟವೇ ಕೊಟ್ಟಿಲ್ಲ. ತೀರಿಹೋದವರು ಎಲ್ಲಿ. ನಿಮ್ಮ ನಾಟಕಕ್ಕೆ ಇವೇ ಅಂಕಗಳು.

ಎರಡನೇ ಹೆಜ್ಜೆ: ತಂಡ ಕೂಡಿಸಿ

ವಾರಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಸಾಕು. ಮಗ, ಸೊಸೆ, ಮೊಮ್ಮಕ್ಕಳು, ನೋಡಿಕೊಳ್ಳಲು ಬರುವ ಆಯಾ, ಎಲ್ಲರೂ ಇರಲಿ. ಮಕ್ಕಳಿಗೆ ಇದು ನಮಗಿಂತ ಬೇಗ ಬರುತ್ತದೆ. ಅಜ್ಜಿ ಸ್ಟೂಲನ್ನು ಬಸ್ಸು ಅಂದರೆ ಅವರು ಟಿಕೆಟ್ ಕೇಳುತ್ತಾರೆ. ನಾವು ಸ್ಟೂಲು ಅಂತ ವಿವರಿಸುತ್ತೇವೆ.

ಫೋನಿನಲ್ಲಿ ಸಲಹೆ ಕೊಡುವ ಅಣ್ಣನೋ ಅಕ್ಕನೋ ಅಮೆರಿಕದಲ್ಲೋ ದುಬೈಯಲ್ಲೋ ಇದ್ದರೆ ಅವರನ್ನು ವಿಡಿಯೊ ಕಾಲ್‌ನಲ್ಲಿ ಕೂರಿಸಿ. ಪಾತ್ರ ಕೊಡಿ. ಸಲಹೆ ತಾನಾಗಿ ಕಮ್ಮಿಯಾಗುತ್ತದೆ.

ಒಬ್ಬರೇ ನೋಡಿಕೊಳ್ಳುತ್ತಿದ್ದರೆ, ಇದೇ ಸ್ಥಿತಿಯಲ್ಲಿರುವ ಇನ್ನೊಬ್ಬರನ್ನು ಫೋನಿನಲ್ಲಿ ಜೊತೆ ಮಾಡಿಕೊಳ್ಳಿ. ಮುಂದೆ ಹೇಳುವ ಆಟಗಳಲ್ಲಿ ಕನ್ನಡಿ, ಲೋಟ ಮತ್ತು ಮೇಲು–ಕೆಳಗಿನ ಆಟ ಬಿಟ್ಟು ಉಳಿದವೆಲ್ಲ ಫೋನಿನಲ್ಲೂ ಆಗುತ್ತವೆ.

ಒಂದೇ ಕಟ್ಟುನಿಟ್ಟು: ತಾಲೀಮಿನಲ್ಲಿ ಅಜ್ಜಿಯ ಪಾತ್ರ ಮಾಡುವವರು ಅಣಕ ಮಾಡಬಾರದು. ವಿಡಿಯೊ ತೆಗೆದು ಸ್ಟೇಟಸ್‌ಗೆ ಹಾಕುವುದಂತೂ ಬೇಡವೇ ಬೇಡ.

ಮೂರನೇ ಹೆಜ್ಜೆ: ಆಟಗಳು

ಮೊದಲ ಆಟ ಕನ್ನಡಿ. ಇಬ್ಬರು ಎದುರುಬದುರು ಕೂತುಕೊಳ್ಳಿ. ಒಬ್ಬರು ನಿಧಾನವಾಗಿ ಕೈ ಎತ್ತುತ್ತಾರೆ, ಇನ್ನೊಬ್ಬರು ಅದೇ ಹೊತ್ತಿಗೆ ಅದನ್ನೇ ಮಾಡಬೇಕು. ಮಾತಿಲ್ಲ. ಎರಡು ನಿಮಿಷ ಆದ ಮೇಲೆ ಪಾತ್ರ ಬದಲಿಸಿ. ಎದುರಿನವರು ಹಿಂದೆ ಬಿದ್ದರೆ ತಪ್ಪು ಮುಂದಾಳಿನದು, ಅವರ ವೇಗ ಜಾಸ್ತಿಯಾಯಿತು ಅಂತ ಅರ್ಥ. ನಮ್ಮ ಕೈಗಳು ಎಷ್ಟು ಅವಸರದಲ್ಲಿರುತ್ತವೆ ಅಂತ ಈ ಆಟದಲ್ಲಿ ಚೆನ್ನಾಗಿ ತಿಳಿಯುತ್ತದೆ. ತುತ್ತು ಕೊಡುವಾಗ, ತಲೆ ಬಾಚುವಾಗ, ಕುಪ್ಪಸದ ಹುಕ್ಕು ಹಾಕುವಾಗ ಇದೇ ಬೇಕಾಗುವುದು.

ಎರಡನೆಯದು "ಹೂಂ, ಆಮೇಲೆ?" ಆಟ. ಒಂದೇ ವಿಷಯವನ್ನು ಮೂರು ಸುತ್ತು ಆಡಬೇಕು. ವಿಷಯ ಧರ್ಮಸ್ಥಳಕ್ಕೆ ಹೋಗುವುದು ಅಂತಿಟ್ಟುಕೊಳ್ಳಿ. ಮೊದಲ ಸುತ್ತಲ್ಲಿ ಏನು ಹೇಳಿದರೂ "ಬೇಡ" ಅನ್ನಬೇಕು. ಎರಡನೆಯದರಲ್ಲಿ "ಸರಿ, ಆದ್ರೆ..." ಅಂತ ಶುರು ಮಾಡಬೇಕು: "ಸರಿ, ಆದ್ರೆ ರಜೆ ಎಲ್ಲಿದೆ?", "ಸರಿ, ಆದ್ರೆ ಮಳೆ ಬಂದ್ರೆ?" ಮೂರನೆಯದರಲ್ಲಿ "ಹೂಂ" ಅಂದು ಏನಾದರೂ ಸೇರಿಸಬೇಕು: "ಹೂಂ, ಚಾರ್ಮಾಡಿ ಘಾಟಿಯಲ್ಲಿ ಇಳಿದು ಕಾಫಿ ಕುಡಿಯೋಣ", "ಹೂಂ, ಫ್ಲಾಸ್ಕ್ ನಾನು ತರ್ತೀನಿ." ಆಡಿದ ಮೇಲೆ ಪ್ರತಿ ಸುತ್ತಲ್ಲೂ ಮೈಗೆ ಏನನ್ನಿಸಿತು ಅಂತ ಮಾತಾಡಿ. ಹೆಚ್ಚಿನವರಿಗೆ ಮೊದಲ ಸುತ್ತಿಗಿಂತ ಎರಡನೆಯದರಲ್ಲೇ ಜಾಸ್ತಿ ಸಿಟ್ಟು ಬರುತ್ತದೆ. ಮನೆಗಳಲ್ಲಿ ನಾವು ದಿನವಿಡೀ ಆಡುವುದು ಆ ಎರಡನೇ ಸುತ್ತನ್ನೇ.

ಮೂರನೆಯದು ಅರ್ಥವಿಲ್ಲದ ಮಾತಿನ ಆಟ. ಚೀಟಿಗಳಲ್ಲಿ ಬರೆಯಿರಿ: ಭಯ, ಹಸಿವು, ನಾಚಿಕೆ, ಬೇಜಾರು, ಹೊಟ್ಟೆನೋವು, ಬಾತ್‌ರೂಮಿಗೆ ಅವಸರ. ಒಬ್ಬರು ಒಂದು ಚೀಟಿ ತೆಗೆದು, "ಟಿಂಗಣ ಬುಗುಡಿ ಲಕಪಕ" ಅಂತ ಅರ್ಥವೇ ಇಲ್ಲದ ಮಾತಲ್ಲಿ ಅದನ್ನು ತೋರಿಸಬೇಕು. ಉಳಿದವರು ಊಹಿಸಬೇಕು. ಮನೆಯಲ್ಲಿ ನಗು ಬರುತ್ತದೆ, ಬರಲಿ. ಮಾತು ಕಲಸಿಹೋದ ದಿನಗಳಲ್ಲಿ ದನಿ ಮತ್ತು ಮೈ ಓದುವ ಅಭ್ಯಾಸ ಉಳಿದುಕೊಳ್ಳುತ್ತದೆ. ಸೀರೆಯ ಅಂಚನ್ನು ಹಿಡಿದು ಎಳೆಯುವುದು ಅವಸರ ಅಂತ ಕಂಡುಹಿಡಿದರೆ ಎಷ್ಟೋ ಬಟ್ಟೆ ಒಗೆಯುವುದು ತಪ್ಪುತ್ತದೆ.

ಲೋಟದ ಆಟ ಸುಲಭ. ಒಂದು ಸ್ಟೀಲ್ ಲೋಟವನ್ನು ಕೈಯಿಂದ ಕೈಗೆ ದಾಟಿಸಿ. ಒಬ್ಬೊಬ್ಬರೂ ಅದನ್ನು ಬೇರೆ ವಸ್ತುವಾಗಿ ಬಳಸಬೇಕು: ಫೋನು, ಮೈಕು, ಟೋಪಿ. ಮುಂದಿನವರು ಅದನ್ನು ಒಪ್ಪಿಕೊಂಡೇ ತೆಗೆದುಕೊಳ್ಳಬೇಕು. ಮಾವನವರು ಚಮಚದಲ್ಲಿ ತಲೆ ಬಾಚುತ್ತಿದ್ದರೆ "ತಪ್ಪು" ಅನ್ನುವ ಮಾತು ಬಾಯಿಗೆ ಬರುವ ಮೊದಲು, ತಲೆ ಬಾಚಬೇಕು ಅನ್ನಿಸಿದೆ ಅನ್ನುವುದು ಕಣ್ಣಿಗೆ ಬೀಳಬೇಕು. ಬಾಚಣಿಗೆಯನ್ನು ಕೈಗೆ ಕೊಟ್ಟರೆ ಮುಗಿಯಿತು.

ಇನ್ನೊಂದು ಆಟಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ, ಅದು ಮೇಲು–ಕೆಳಗಿನ ಆಟ. ಬ್ರಿಟನ್ನಿನ ರಂಗಶಿಕ್ಷಕ ಕೀತ್ ಜಾನ್‌ಸ್ಟನ್ ಇದರ ಬಗ್ಗೆ ತುಂಬ ಕೆಲಸ ಮಾಡಿದವರು. ಯಾವ ಮಾತುಕತೆಯಲ್ಲೂ ಒಬ್ಬರು ಮೇಲೆ, ಒಬ್ಬರು ಕೆಳಗೆ ಇರುತ್ತಾರೆ, ಒಳ್ಳೆಯ ನಟ ಅದನ್ನು ಬೇಕಾದಂತೆ ಬದಲಿಸಬಲ್ಲ ಅನ್ನುತ್ತಿದ್ದರು ಅವರು. ಮಾಡಬೇಕಾದ್ದಿಷ್ಟು: "ಊಟಕ್ಕೆ ಬನ್ನಿ" ಅನ್ನುವ ಒಂದೇ ಮಾತನ್ನು ಬಾಗಿಲಲ್ಲಿ ನಿಂತು ಹೇಳಿ. ಹಿಂದಿನಿಂದ ಬಂದು ಹೇಳಿ. ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಕಣ್ಣು ನೋಡಿ ಹೇಳಿ. ಕೊನೆಗೆ ಪ್ರಶ್ನೆಯಾಗಿ ಹೇಳಿ: "ಸಾರಿಗೆ ಉಪ್ಪು ಸರಿ ಇದೆಯಾ ನೋಡ್ತೀರಾ?" ಕೇಳಿಸಿಕೊಂಡವರಿಗೆ ಎದ್ದು ಬರಬೇಕು ಅನ್ನಿಸಿದ್ದು ಯಾವುದಕ್ಕೆ? ಜೀವಮಾನವಿಡೀ ಮನೆ ನಡೆಸಿದವರಿಗೆ, ಶಾಲೆ ನಡೆಸಿದವರಿಗೆ, ಈಗ ದಿನವಿಡೀ ಬರೀ ಅಪ್ಪಣೆ ಬೀಳುತ್ತಿರುತ್ತದೆ. ಹಟದ ಬಹುಪಾಲು ಅಲ್ಲಿಂದ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಸುಸ್ತಾದಾಗ ನಮ್ಮ ಬಾಯಲ್ಲಿ "ನೀವು" ಹೋಗಿ ಮಗುವಿಗೆ ಹೇಳುವ ಧಾಟಿ ಬಂದುಬಿಡುತ್ತದೆ, ಅದನ್ನೂ ಈ ಆಟದಲ್ಲಿ ಹಿಡಿಯಬಹುದು.

ಕೊನೆಯದು ಆರೋಪದ ಆಟ. ಎಲ್ಲಕ್ಕಿಂತ ಕಷ್ಟ ಇದು. ಒಬ್ಬರು ಇನ್ನೊಬ್ಬರ ಮೇಲೆ ಒಂದು ನಿಮಿಷ ಸುಳ್ಳು ಆರೋಪ ಹೊರಿಸಬೇಕು: "ನನ್ನ ದುಡ್ಡು ನೀನೇ ತೆಗೆದಿದ್ದು." ಕೇಳಿಸಿಕೊಳ್ಳುವವರು "ನಾನಲ್ಲ", "ಇಲ್ಲ", "ಯಾಕೆ ಹಿಂಗಂತೀರಿ" ಅನ್ನುವ ಹಾಗಿಲ್ಲ. ಮೊದಲ ಸಲ ಹತ್ತು ಸೆಕೆಂಡೂ ತಡೆಯುವುದಿಲ್ಲ. ನಾಲ್ಕು ಸಲ ಆಡಿದ ಮೇಲೆ ಆ ಮಾತು ಸ್ವಲ್ಪ ದೂರದಿಂದ ಕೇಳಿಸಲು ಶುರುವಾಗುತ್ತದೆ.

ನಾಲ್ಕನೇ ಹೆಜ್ಜೆ: ನಿಮ್ಮ ಮನೆಯ ದೃಶ್ಯಗಳನ್ನೇ ಆಡಿ

ಈಗ ನೋಟ್‌ಬುಕ್ ತೆಗೆಯಿರಿ. ದಿನವೂ ನೋಡಿಕೊಳ್ಳುವವರು ಕಾಯಿಲೆ ಇರುವವರ ಪಾತ್ರ ಮಾಡಬೇಕು, ಉಳಿದವರು ನೋಡಿಕೊಳ್ಳುವವರ ಪಾತ್ರ. ಈ ಅದಲುಬದಲು ಮುಖ್ಯ. ಅಮ್ಮನ ಕುರ್ಚಿಯಲ್ಲಿ ಕೂತು, ಮೂರು ಜನ ಒಟ್ಟಿಗೆ ತಿದ್ದಿದರೆ ಹೇಗಿರುತ್ತದೆ ಅಂತ ಒಮ್ಮೆ ಅನುಭವಿಸಬೇಕು.

ಮೊದಲು ನಡೆದದ್ದನ್ನು ನಡೆದ ಹಾಗೇ ಆಡಿ.

"ನಾನು ಮನೆಗೆ ಹೊರಟೆ. ಕತ್ತಲಾಗತ್ತೆ."
"ಅತ್ತೆ, ಇದೇ ನಿಮ್ಮ ಮನೆ ಅಲ್ವಾ? ಮೂವತ್ತು ವರ್ಷದಿಂದ ಇಲ್ಲೇ ಇದ್ದೀರಿ."
"ಇದು ನಿನ್ನ ಮನೆ. ನಮ್ಮಮ್ಮ ಕಾಯ್ತಿರ್ತಾಳೆ."
"ನಿಮ್ಮಮ್ಮ ಹೋಗಿ ನಲವತ್ತು ವರ್ಷ ಆಯ್ತು, ಅತ್ತೆ!"

ಇಲ್ಲಿ ಸೊಸೆ ಹೇಳಿದ್ದೆಲ್ಲ ನಿಜ. ಅತ್ತೆ ಈಗ ಗೇಟಿನ ಹತ್ತಿರ ಅಳುತ್ತಿದ್ದಾರೆ. ಅದೇ ದೃಶ್ಯ ಇನ್ನೊಂದು ಸಲ:

"ನಾನು ಮನೆಗೆ ಹೊರಟೆ. ಕತ್ತಲಾಗತ್ತೆ."
"ಹೌದು, ಕತ್ತಲಾಗ್ತಾ ಬಂತು. ಮನೇಲಿ ಯಾರು ಕಾಯ್ತಿರ್ತಾರೆ ಅತ್ತೆ?"
"ಅಮ್ಮ. ಹಾಲು ಕರೆಯೋ ಹೊತ್ತು."
"ಎಷ್ಟು ಹಸು ಕೊಟ್ಟಿಗೇಲಿ?"
"ಮೂರು. ಗೌರಿ ಒಬ್ಬಳು ಒದೀತಾಳೆ."
"ಅಯ್ಯಪ್ಪಾ! ಅವಳ ಹತ್ರ ಯಾರು ಹೋಗೋದು ಮತ್ತೆ?"
"ನಾನೇ. ಬೇರೆಯವರನ್ನ ಹತ್ರ ಸೇರಿಸಲ್ಲ ಅವಳು."
"ಸರಿ, ಬರೀ ಹೊಟ್ಟೇಲಿ ಹೋಗ್ಬೇಡಿ. ಕಾಫಿ ಇಡ್ತೀನಿ, ಇಲ್ಲೇ ಅಡುಗೆಮನೇಲಿ ಕೂತು ಗೌರಿ ಕತೆ ಹೇಳಿ."

ಎರಡನೇ ಸಲ ಸೊಸೆ ಒಂದೂ ಸುಳ್ಳು ಹೇಳಿಲ್ಲ ಅನ್ನುವುದನ್ನು ಗಮನಿಸಿ. "ಕರ್ಕೊಂಡು ಹೋಗ್ತೀನಿ" ಅನ್ನಲಿಲ್ಲ, "ನಿಮ್ಮಮ್ಮ ಫೋನ್ ಮಾಡಿದ್ರು" ಅನ್ನಲಿಲ್ಲ. ಅತ್ತೆ ಕೊಟ್ಟ ಮಾತನ್ನು ಹಿಡಿದು ಪ್ರಶ್ನೆ ಕೇಳುತ್ತಾ ಹೋದಳು. ಕತೆ ಕಟ್ಟುವ ಮೊದಲು ಪ್ರಶ್ನೆ ಕೇಳಿ. ಹತ್ತರಲ್ಲಿ ಎಂಟು ಸಲ ಕತೆ ಕಟ್ಟುವ ಅಗತ್ಯವೇ ಬರುವುದಿಲ್ಲ ಅಂತ ನನಗನ್ನಿಸುತ್ತದೆ. ಮಾತಿನ ಜೊತೆ ಕೈಯೂ ಕೆಲಸ ಮಾಡಬೇಕು. ಈ ಚಡಪಡಿಕೆ ಹೆಚ್ಚಾಗಿ ಸಂಜೆಯೇ ಬರುವುದು, ದಿನದ ಸುಸ್ತು ಮತ್ತು ಮಬ್ಬು ಬೆಳಕಿಗೆ. ಹೊತ್ತು ಮುಳುಗುವ ಮೊದಲೇ ದೀಪ ಹಾಕಿ, ಪರದೆ ಎಳೆದು, ಗೇಟಿನ ಚಪ್ಪಲಿ ಕಣ್ಣಿಗೆ ಬೀಳದ ಹಾಗೆ ಇಟ್ಟರೆ ಎಷ್ಟೋ ದಿನ ಈ ದೃಶ್ಯ ಶುರುವೇ ಆಗುವುದಿಲ್ಲ.

ಕಳ್ಳತನದ ದೃಶ್ಯಕ್ಕೆ ಆರೋಪದ ಆಟ ಬೇಕು. "ನನ್ನ ಬಳೆ ಎಲ್ಲಿ? ನೀನೇ ತೆಗೆದಿದ್ದೀಯ" ಅಂದಾಗ, "ಬಳೆ ಕಾಣ್ತಿಲ್ವಾ? ಅಯ್ಯೋ, ಯಾವುದು, ಕೆಂಪು ಕಲ್ಲಿಂದಾ? ಬನ್ನಿ, ಹುಡುಕೋಣ." ಬಳೆ ಹೋಗಿರುವುದು ಅವರ ಪಾಲಿಗೆ ನಿಜ, ನೀವು ಅದರ ಕಡೆ ನಿಂತಿರಿ. ಸಿಕ್ಕಾಗ ನೀವು ತೆಗೆದುಕೊಡಬೇಡಿ. ನೀವೇ ಇಟ್ಟಿದ್ದಿರಿ ಅಂತ ಮತ್ತೆ ಶುರುವಾಗುತ್ತದೆ. ಅವರ ಕೈಗೇ ಸಿಗುವ ಹಾಗೆ ಮಾಡಿ: "ದಿಂಬಿನ ಕವರ್ ಒಳಗೆ ಒಮ್ಮೆ ನೀವು ನೋಡಿ." ದಿಂಬಿನ ಕವರ್, ಅಕ್ಕಿ ಡಬ್ಬ, ಮಡಚಿಟ್ಟ ಸೀರೆ, ದೇವರ ಫೋಟೊ ಹಿಂದೆ. ಬಚ್ಚಿಡುವ ಜಾಗ ಒಬ್ಬೊಬ್ಬರಿಗೆ ಒಂದೊಂದು ಇರುತ್ತದೆ, ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಿಜವಾದ ಚಿನ್ನ ಬ್ಯಾಂಕ್ ಲಾಕರಿನಲ್ಲಿರಲಿ, ಕೈಯಲ್ಲಿ ಅಂಥದ್ದೇ ಒಂದು ಗ್ರಾಂ ಗೋಲ್ಡ್ ಬಳೆ ಇರಲಿ. ಆಯಾ ಮೇಲೆ ಆರೋಪ ಬಂದರೆ ಮನೆಯವರು ಆಮೇಲೆ ಅವರ ಹತ್ತಿರ ಹೋಗಿ ಎರಡು ಮಾತಾಡಬೇಕು. ಅವರಿಗೂ ಮಾನ ಇದೆ.

ಸ್ನಾನದ ಬಗ್ಗೆ: "ಸ್ನಾನ ಮಾಡಿ ಅಪ್ಪಾ" ಅನ್ನುವುದು ಅಪ್ಪಣೆ. "ನೀರು ಬಿಸಿ ಸರಿ ಇದೆಯಾ ನೋಡಿ ಹೇಳಿ" ಅನ್ನುವುದು ಕೆಲಸ. ಅವರ ಕೈಗೆ ಒಂದು ಚೊಂಬು ನೀರು ಹಾಕಿ ಕೇಳಿ. ಹೆಗಲ ಮೇಲೊಂದು ಟವೆಲ್ ಹೊದಿಸಿಯೇ ನೀರು ಹಾಕಿದರೆ ಚಳಿಯೂ ಇಲ್ಲ, ನಾಚಿಕೆಯೂ ಇಲ್ಲ. ಶವರ್ ಸದ್ದು ಕೆಲವರನ್ನು ಹೆದರಿಸುತ್ತದೆ. ಎಲ್ಲ ಮಾಡಿದರೂ ಬೇಡ ಅಂದರೆ ಇವತ್ತು ಬಿಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

ತೀರಿಹೋದವರನ್ನು ಕೇಳಿದಾಗ ಏನು ಹೇಳಬೇಕು ಅನ್ನುವುದಕ್ಕೆ ಸಿದ್ಧ ಉತ್ತರ ಇಲ್ಲ. "ಅವರು ಇನ್ನೂ ಬಂದಿಲ್ವಲ್ಲ" ಅಂದ ಅಮ್ಮನಿಗೆ "ಅಪ್ಪ ತೀರಿಹೋಗಿ ಆರು ವರ್ಷ ಆಯ್ತು" ಅಂದರೆ, ಅವಳಿಗೆ ಆ ಸಾವು ಈಗ ತಾನೇ ಆದ ಹಾಗೆ. ನಾಳೆ ಮತ್ತೆ ಕೇಳುತ್ತಾಳೆ, ಮತ್ತೆ ಸಾವು. ಹಾಗಂತ "ಎಂಟು ಗಂಟೆಗೆ ಬರ್ತಾರೆ" ಅಂದರೆ ಎಂಟಕ್ಕೆ ಬಾಗಿಲು ಕಾಯುತ್ತಾಳೆ. "ಅಪ್ಪನ ನೆನಪಾಯ್ತಾ ಅಮ್ಮ? ಆಫೀಸಿಂದ ಬಂದ ತಕ್ಷಣ ಏನು ಕೇಳೋರು?" ಅಂತ ಅವರ ಬಗ್ಗೆಯೇ ಮಾತು ತೆಗೆಯಿರಿ. ಆದರೆ ಒಂದು ದಿನ ಅವಳೇ ಕಣ್ಣಲ್ಲಿ ಕಣ್ಣಿಟ್ಟು "ಅವರು ಹೋಗಿಬಿಟ್ರಾ?" ಅಂತ ಕೇಳಬಹುದು. ಆಗ ಹೌದು ಅನ್ನಿ. ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ.

ಎಲ್ಲಿ "ಹೂಂ" ಅನ್ನಬಾರದು

ಹೂಂ ಅನ್ನುವುದು ಅವರ ಭಾವನೆಗೆ, ಅವರು ಮಾಡಲು ಹೊರಟ ಎಲ್ಲದಕ್ಕೂ ಅಲ್ಲ. ಗ್ಯಾಸ್ ಒಲೆ, ಸ್ಕೂಟರ್ ಕೀ, ರಸ್ತೆ, ಎರಡನೇ ಸಲ ಬಿಪಿ ಮಾತ್ರೆ, ಚೆಕ್‌ಬುಕ್, ಆಸ್ತಿ ಪತ್ರಕ್ಕೆ ಸಹಿ, ಇಲ್ಲೆಲ್ಲ ಆಟ ಇಲ್ಲ. ಸ್ಕೂಟರ್ ಓಡಿಸಬೇಕು ಅನ್ನುವ ಅಪ್ಪನಿಗೆ "ಹೊರಗೆ ಸುತ್ತಾಡಿ ಬರಬೇಕು ಅನ್ನಿಸ್ತಿದೆ ಅಲ್ವಾ? ಬನ್ನಿ, ನಡ್ಕೊಂಡೇ ಹೋಗೋಣ" ಅನ್ನಿ, ಕೀ ಮಾತ್ರ ಕಾಣದ ಜಾಗದಲ್ಲಿರಲಿ.

ಕಾಯಿಲೆ ಶುರುವಿನ ಹಂತದಲ್ಲಿದ್ದರೆ ಈ ಆಟಗಳನ್ನು ಅವರ ಮೇಲೆ ಹೂಡಬೇಡಿ. ಅವರಿಗೆ ಎಲ್ಲ ಗೊತ್ತಾಗುತ್ತದೆ, ಅವಮಾನವೂ ಆಗುತ್ತದೆ. "ಮರೆತಾಗ ನೆನಪಿಸಬೇಕಾ, ಸುಮ್ಮನಿರಬೇಕಾ?" ಅಂತ ಅವರನ್ನೇ ಕೇಳಿ. ಆಗ ಅವರೂ ತಂಡದ ಸದಸ್ಯರಾಗಬಹುದು. ಷಿಕಾಗೊದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಮತ್ತು ಲುಕಿಂಗ್‌ಗ್ಲಾಸ್ ರಂಗತಂಡ ಸೇರಿ, ಶುರುವಿನ ಹಂತದಲ್ಲಿರುವವರಿಗೆಂದೇ ಆಶುನಟನೆಯ ಗುಂಪು ನಡೆಸಿದ್ದವು.

ಲೂಯಿ ಬಾಡಿ ಡಿಮೆನ್ಶಿಯಾ ಅನ್ನುವ ಇನ್ನೊಂದು ಬಗೆಯಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣುವುದು ಸಾಮಾನ್ಯ. "ಕಿಟಕಿ ಹತ್ರ ಮಂಗ ಕೂತಿದೆ" ಅಂದರೆ ಮೊದಲು ಹೋಗಿ ನೋಡಿ, ನಮ್ಮ ಊರುಗಳಲ್ಲಿ ನಿಜವಾಗಿಯೂ ಕೂತಿರಬಹುದು. ಇಲ್ಲದಿದ್ದರೆ, ಅವರು ಹೆದರಿಲ್ಲ ಅಂದರೆ, ಸುಮ್ನೆ ಬಿಡಿ. ಹೆದರಿದ್ದರೆ "ನನಗೆ ಕಾಣ್ತಿಲ್ಲ, ಆದ್ರೆ ನಿಮಗೆ ಭಯ ಆಗ್ತಿದೆ, ನಾನಿಲ್ಲೇ ಇದ್ದೀನಿ" ಅಂದು ದೀಪ ಹಾಕಿ, ಜಾಗ ಬದಲಿಸಿ. ಹೆದರಿಸುವ ನೋಟಕ್ಕೆ ನೀವು ಕತೆ ಸೇರಿಸಬಾರದು. ಡಾಕ್ಟರಿಗೂ ತಪ್ಪದೆ ಹೇಳಿ, ಈ ಬಗೆಯ ಡಿಮೆನ್ಶಿಯಾದಲ್ಲಿ ಮನೋರೋಗದ ಕೆಲವು ಮಾತ್ರೆಗಳು ತೀವ್ರ ತೊಂದರೆ ಮಾಡಬಲ್ಲವು.

ದೃಶ್ಯ ಕೆಟ್ಟಾಗ

ಕೆಡುತ್ತದೆ. ನಾಟಕದವರ ಉಪಾಯ ನಿರ್ಗಮನ. ಅಪಾಯ ಇಲ್ಲ ಅಂತ ನೋಡಿಕೊಂಡು, "ಒಲೆ ಮೇಲೆ ಹಾಲಿದೆ" ಅಂತಲೋ ಏನೋ ಹೇಳಿ ಆಚೆ ಬನ್ನಿ. ಮುಖ ತೊಳೆಯಿರಿ. ಐದು ನಿಮಿಷ ಬಿಟ್ಟು ಹೊಸಬರ ಹಾಗೆ ಒಳಗೆ ಹೋಗಿ: "ಅತ್ತೆ, ಏನ್ ಮಾಡ್ತಿದ್ದೀರಿ?" ಮರೆವು ಇಲ್ಲಿ ನಿಮ್ಮ ಕಡೆಗಿದೆ. ಅದಕ್ಕೂ ಆಗದಿದ್ದರೆ ಪಾತ್ರಧಾರಿಯನ್ನೇ ಬದಲಿಸಿ, ಮಗಳ ಬದಲು ಮೊಮ್ಮಗ ಹೋಗಲಿ. ಯಾರನ್ನು ಕಂಡರೆ ಯಾವ ಹೊತ್ತಲ್ಲಿ ಸಮಾಧಾನ ಅನ್ನುವುದನ್ನೂ ಬರೆದಿಡಿ.

ಭಾಷೆಯ ವಿಷಯವೂ ಇಲ್ಲೇ ಬರುತ್ತದೆ. ಕಾಯಿಲೆ ಮುಂದುವರಿದಂತೆ ಎಷ್ಟೋ ಜನ ಚಿಕ್ಕಂದಿನ ಮಾತಿಗೆ ಮರಳುತ್ತಾರೆ. ಬೆಂಗಳೂರಿನಲ್ಲಿ ಮೊಮ್ಮಕ್ಕಳು ಕನ್ನಡ, ಇಂಗ್ಲಿಷ್ ಬೆರೆಸಿ ಮಾತಾಡುವಾಗ ಅಜ್ಜಿ ತುಳುವಿನಲ್ಲೋ ಕೊಂಕಣಿಯಲ್ಲೋ ಹವ್ಯಕದಲ್ಲೋ ಕೇಳುತ್ತಿರುತ್ತಾರೆ. ಬಾ, ಕೂತುಕೋ, ನೋವಾ, ಹಸಿವಾ, ನಾನಿದ್ದೀನಿ. ಇಷ್ಟನ್ನಾದರೂ ಆ ಭಾಷೆಯಲ್ಲಿ ಎಲ್ಲರೂ ಕಲಿಯಿರಿ, ಆಯಾಗೂ ಕಲಿಸಿ.

ನಿಮ್ಮ ಪಾಡು

ಈ ತಾಲೀಮಿನಿಂದ ಕೆಲಸ ಹಗುರವಾಗಬಹುದು, ಆದರೆ ರಾತ್ರಿಯ ನಿದ್ದೆ ಇದರಿಂದ ಬರುವುದಿಲ್ಲ. ನಿದ್ದೆಗೆಟ್ಟ ನಟ ಎಷ್ಟು ಚೆನ್ನಾಗಿ ಆಡಿಯಾನು? 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ 7.4 ಶೇಕಡಾ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಅವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳುತ್ತಿರುವುದು ಮನೆಯವರೇ, ಅದರಲ್ಲೂ ಹೆಂಡತಿ, ಮಗಳು, ಸೊಸೆ. ಆಸ್ಪತ್ರೆ ಬೇಕಾದಾಗ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕರ್ನಾಟಕ ಮೆದುಳು ಆರೋಗ್ಯ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಲಿನಿಕ್ ತೆರೆಯುತ್ತಿದ್ದಾರೆ, ನಿಮ್ಮ ಜಿಲ್ಲೆಯಲ್ಲಿ ವಿಚಾರಿಸಿ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಡಿಮೆನ್ಶಿಯಾ ಇಂಡಿಯಾ ಅಲಯನ್ಸ್ ಮನೆಯವರಿಗೆ ಸಲಹೆ ಕೊಡುತ್ತವೆ. ನಿಮಗೇ ತಡೆಯಲಾಗದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567.

ಮುಂದೆ

ತಿಂಗಳಿಗೊಮ್ಮೆ ನೋಟ್‌ಬುಕ್ ತಿರುವಿ ಹಾಕಿ. ಕೆಲವು ದೃಶ್ಯಗಳು ತಾವಾಗಿ ನಿಂತಿರುತ್ತವೆ, ಹೊಸವು ಬಂದಿರುತ್ತವೆ. ಮಾತು ಕಮ್ಮಿಯಾದಾಗ "ಹೂಂ, ಆಮೇಲೆ?" ಬಿಟ್ಟು ಕನ್ನಡಿ ಆಟಕ್ಕೆ ಮರಳಿ. ಅವರು ಮೇಜಿನ ಮೇಲೆ ಬೆರಳು ಬಡಿದರೆ ನೀವೂ ಬಡಿಯಿರಿ, ಗುನುಗಿದರೆ ಗುನುಗಿ.

ಆಯಾ ಬದಲಾಗುವುದಂತೂ ಇದ್ದೇ ಇದೆ. ಅದಕ್ಕೆ ಒಂದು ಹಾಳೆ ಬರೆದಿಡಿ: ಯಾವ ಹೆಸರಿನಿಂದ ಕರೆದರೆ ಓಗೊಡುತ್ತಾರೆ, ಯಾವ ಊರು, ಹಸುವಿನ ಹೆಸರು, ಇಷ್ಟದ ಹಾಡು, ಬಚ್ಚಿಡುವ ಜಾಗ, ಎತ್ತಬಾರದ ಮಾತು. ಹೊಸಬರು ಬಂದ ದಿನ ಮಾತ್ರೆ ಡಬ್ಬದ ಜೊತೆಗೇ ಅದನ್ನೂ ಕೊಡಿ. ಬಳೆಯ ದೃಶ್ಯವನ್ನು ಅವರ ಜೊತೆ ಒಂದು ಸಲ ಆಡಿ. ಮೊದಲ ವಾರದಲ್ಲೇ ಬೇಕಾಗುತ್ತದೆ.